ಟಕ್ ಎನ್ನುವ ಪಾನಾ

ಬೈಲಹೊಂಗಲ, ಕಿತ್ತೂರು ಕಡೆಯ ನಾವು ನಟ್ಟು ಬಿಗಿಯುವುದನ್ನು ರಟ್ಟೆಗೆ ಬಿಟ್ಟವರು. ಸಂಶಯ ಬಂದರೆ ಪಾನಾದ ಹಿಡಿಕೆಗೆ ಪೈಪು ಸಿಗಿಸಿ ಇನ್ನೊಂದು ಸುತ್ತು ಹಿಂಡುತ್ತೇವೆ. ಮಲಪ್ರಭಾ ದಂಡೆಯ ಎರೆಹೊಲದಿಂದ ಕಬ್ಬು ಎಳೆದು ತರುವ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಅಂಥ ಬಲ ಬೇಕೇ ಬೇಕು. ಅದೇ ಕೈ ಬೈಕಿನ ಆಯಿಲ್ ಬೋಲ್ಟಿಗೆ ಹೋದರೆ ಅಲ್ಯುಮಿನಿಯಂ ಚೇಂಬರಿನ ಥ್ರೆಡ್ಡು ಉಳಿಯುವುದಿಲ್ಲ. ಬಲ ಎಲ್ಲಿ ಸಾಕು ಎಂಬುದನ್ನು ಅಂಕಿಯಲ್ಲಿ ಹೇಳುವ ಟಾರ್ಕ್ ರೆಂಚ್ ಎಂದರೆ ಉಳಿದೆಲ್ಲ ಹತ್ಯಾರಗಳಿಗಿಂತ ನನಗೆ ಒಂದು ಕೈ ಹೆಚ್ಚು ಪ್ರೀತಿ.

ಕೊಳ್ಳುವವರು ಮೊದಲು ಅಂಗಡಿಗೆ ಹೋಗಬಾರದು. ಗಾಡಿಯ ಜೊತೆ ಬಂದ ಪುಸ್ತಕ ಎಲ್ಲಿದೆ ಎಂದು ಹುಡುಕಬೇಕು. ಯಾವ ಬೋಲ್ಟಿಗೆ ಎಷ್ಟು ಎಂಬುದು ಅದರಲ್ಲಿರುತ್ತದೆ. ಹಳೆಯ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಅದು ಕಿಲೋಗ್ರಾಂ ಮೀಟರಿನಲ್ಲಿರಬಹುದು, ಈಗಿನ ರೆಂಚಿನ ಮೇಲೆ ನ್ಯೂಟನ್ ಮೀಟರು. ಒಂದು ಕಿಲೋಗ್ರಾಂ ಮೀಟರಿಗೆ ಸುಮಾರು 9.8 ನ್ಯೂಟನ್ ಮೀಟರು. ಇದನ್ನು ಮರೆತರೆ ಬಿಗಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಗಾಲಿ ದಾರಿಯಲ್ಲೇ ಕಳಚಬಹುದು.

ನಿಮ್ಮ ಬೋಲ್ಟಿನ ಅಂಕಿ ರೆಂಚಿನ ಅಳತೆಪಟ್ಟಿಯ ನಡುಭಾಗದಲ್ಲಿ ಬೀಳಬೇಕು. ಆಯ್ಕೆಯ ಜೀವಾಳ ಇದೇ. ಐಎಸ್‌ಒ 6789 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹೊಂದಿಸಿದ ಅಂಕಿ ಮುಟ್ಟಿದಾಗ ಟಕ್ ಎನ್ನುವ ಸಾಮಾನ್ಯ ಕ್ಲಿಕ್ ರೆಂಚು ನೂರಕ್ಕೆ 4ರಷ್ಟು ಆಚೀಚೆ ಆಗಬಹುದು, ಆ ಭರವಸೆಯೂ ಪಟ್ಟಿಯ ಗರಿಷ್ಠ ಅಂಕಿಯ ಐದರಲ್ಲಿ ಒಂದು ಭಾಗದಿಂದ ಮೇಲಕ್ಕೆ ಮಾತ್ರ. ದೊಡ್ಡದೊಂದು ಇದ್ದರೆ ಎಲ್ಲಕ್ಕೂ ಆಯಿತು ಎಂದು 40ರಿಂದ 200ರ ರೆಂಚು ತಂದವರ ಕೈಯಲ್ಲಿ, 10 ನ್ಯೂಟನ್ ಮೀಟರಿನ 6 ಎಂಎಂ ಬೋಲ್ಟು ಟಕ್ ಅನ್ನುವ ಮೊದಲೇ ಮುರಿಯುತ್ತದೆ. ಬೈಕಿನ ಸಣ್ಣ ಬೋಲ್ಟುಗಳಿಗೆ 5ರಿಂದ 25ರ ಚಿಕ್ಕದೇ ಸರಿ. ಟ್ರ್ಯಾಕ್ಟರಿನ ಗಾಲಿಗೆ, ಸಾಕೆಟ್ ಸಿಗಿಸುವ ಚೌಕ ಮುಕ್ಕಾಲು ಇಂಚಿರುವ ಉದ್ದನೆಯದು ಬೇಕು. ಸವದತ್ತಿ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಬೋಲ್ಟಿಗೆ ಸಾವಿರಾರು ನ್ಯೂಟನ್ ಮೀಟರ್ ಬಿಗಿ. ಅದು ತೋಳಿಗೆ ಮೀರಿದ್ದು, ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರವೇ ಆಗಬೇಕು.

ಹಳೆಯ ಮುಳ್ಳಿನ ರೆಂಚನ್ನೂ ನಾನು ಬಿಟ್ಟುಕೊಡುವುದಿಲ್ಲ. ಒಂದು ಕಂಬಿ ಬಾಗುತ್ತದೆ, ಪಕ್ಕದ ಮುಳ್ಳು ಬಾಗದೆ ನಿಂತು ಅಂಕಿ ತೋರಿಸುತ್ತದೆ, ಅಷ್ಟೇ. ಮುಳ್ಳು ಸೊನ್ನೆಯಲ್ಲಿ ನಿಂತಿದ್ದರೆ ನಂಬಬಹುದು. ಆದರೆ ಎಂಜಿನ್ನಿನ ಕೆಳಗೆ ಮಲಗಿ ಆ ಮುಳ್ಳನ್ನು ಓದುವುದು ಕಷ್ಟ, ಅಲ್ಲಿ ಟಕ್ ಎನ್ನುವುದೇ ಬೇಕು. ನಿಧಾನಕ್ಕೆ, ಒಂದೇ ಹದದಲ್ಲಿ ಎಳೆಯುತ್ತ ಹೋದಂತೆ ಅಂಗೈಗೆ ಸಣ್ಣದೊಂದು ಹೊಡೆತ ಬರುತ್ತದಲ್ಲ, ಆ ಗಳಿಗೆಯ ಸುಖ ನನಗೆ ಇನ್ನೂ ಹಳತಾಗಿಲ್ಲ. "ಇನ್ನೊಂದೀಟ್ ಹಿಂಡ್ರಿ ಕಾಕಾ" ಎಂದು ಪಕ್ಕದಲ್ಲಿ ನಿಂತ ಹುಡುಗರು ಹುರಿದುಂಬಿಸುತ್ತಾರೆ. "ಟಕ್ ಅಂತಲ್ಲೋ ತಮ್ಮಾ, ಮುಗೀತು" ಎನ್ನುತ್ತೇನೆ.

ನಮ್ಮ ಎರೆಮಣ್ಣು ಈ ಲೆಕ್ಕದಲ್ಲಿ ಕೈ ಹಾಕುತ್ತದೆ. ನಾವು ಹಾಕಿದ ಬಲದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಹಿಡಿಯುತ್ತದೆ, ಉಳಿದದ್ದು ತಲೆಯ ಅಡಿಯ ಮತ್ತು ಥ್ರೆಡ್ಡಿನ ತಿಕ್ಕಾಟಕ್ಕೇ ಹೋಗುತ್ತದೆ. ಮಣ್ಣು ಕಚ್ಚಿದ್ದರೆ ತಿಕ್ಕಾಟ ಹೆಚ್ಚಿ, ಅಂಕಿ ಸರಿ ಬಂದರೂ ಬಿಗಿ ಕಡಿಮೆ. ಪುಸ್ತಕ ಹೇಳದೆ ಎಣ್ಣೆ ಸವರಿದರೆ ಅದೇ ಅಂಕಿಗೆ ಬೋಲ್ಟಿನ ಮೇಲೆ ಎಳೆತ ಹೆಚ್ಚಾಗುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ ಒಣಗಿಸುವ ಕೆಲಸ ಬೇಸರದ್ದಾದರೂ ಬಿಡಬಾರದು.

ಭಾರತ ಹುಣ್ಣಿಮೆಯ ಜಾತ್ರೆಗೆ ರಾಮದುರ್ಗ, ಬೈಲಹೊಂಗಲದ ಹಳ್ಳಿಗಳಿಂದ ಮನೆಮಂದಿಯನ್ನೆಲ್ಲ ಟ್ರೇಲರಿನಲ್ಲಿ ಕೂರಿಸಿಕೊಂಡು ಟ್ರ್ಯಾಕ್ಟರುಗಳು ಯಲ್ಲಮ್ಮನ ಗುಡ್ಡ ಹತ್ತುತ್ತವೆ. ಹೊರಡುವ ಮುಂಚೆ ಗಾಲಿ ಬಿಚ್ಚಿ ಹಾಕಿದವರು ನಟ್ಟುಗಳನ್ನು ಎದುರು ಬದುರಾಗಿ ಬಿಗಿದು, ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಮತ್ತೆ ಅದೇ ಅಂಕಿಗೆ ನೋಡಬೇಕು. ಟ್ರೇಲರಿನಲ್ಲಿ ಕೂತವರು ನಮ್ಮವರೇ ಅಲ್ಲವೇ.

ಕೆಲಸ ಮುಗಿದ ಮೇಲೆ ಕ್ಲಿಕ್ ರೆಂಚನ್ನು ಪಟ್ಟಿಯ ತೀರ ಕೆಳಗಿನ ಅಂಕಿಗೆ ಇಳಿಸಿ ಪೆಟ್ಟಿಗೆಯಲ್ಲಿಡುತ್ತೇನೆ, ಒಳಗಿನ ಸ್ಪ್ರಿಂಗು ದಣಿಯಬಾರದೆಂದು. ಜಾಮಾದ ನಟ್ಟು ಬಿಚ್ಚಲು ಇದನ್ನು ಯಾರು ಕೇಳಿದರೂ ಕೊಡುವುದಿಲ್ಲ. ಅದಕ್ಕೆ ಉದ್ದನೆಯ ಪಾನಾ ಇದೆ, ಪೈಪೂ ಇದೆ, ಕರೆದರೆ ನಾನೂ ಬರುತ್ತೇನೆ.