ಸವೆತವನ್ನು ಅರಿಯುವ ಬಗೆ

ಸವೆಯುವುದು ದುಡಿಯುವ ವಸ್ತುವಿನ ಸಹಜ ಧರ್ಮ. ನೇಗಿಲ ಗುಳ, ಕುಡುಗೋಲಿನ ಬಾಯಿ, ಬೀಸುವ ಕಲ್ಲಿನ ಮುಖ ಇವೆಲ್ಲವೂ ದುಡಿದಷ್ಟೂ ತೆಳುವಾಗುತ್ತ, ನುಣುಪಾಗುತ್ತ ಹೋಗುತ್ತವೆ. ಗುಳ ಮೊಂಡಾದೊಡನೆ ಹಿರಿಯರು ಅದನ್ನು ಕುಲುಮೆಗೆ ಒಯ್ಯುತ್ತಿದ್ದರು. ಕಲ್ಲು ನುಣ್ಣಗಾದೊಡನೆ ಅದಕ್ಕೆ ಉಳಿಯೇಟು ಹಾಕಿಸುತ್ತಿದ್ದರು. ಸವೆತವು ದೋಷವಲ್ಲ, ಸವೆತವನ್ನು ಕಂಡೂ ಕಾಣದಂತಿರುವುದೇ ದೋಷ. ಈ ಮಾತು ನೇಗಿಲಿಗೆ ಹೇಗೋ ಇಂದಿನ ಯಂತ್ರಕ್ಕೂ ಹಾಗೆಯೇ ಸಲ್ಲುತ್ತದೆ.

ಮಲೆನಾಡಿನ ಅಡಿಕೆ ತೋಟಗಳಲ್ಲಿ ಇಂದು ಬಸಿಗಾಲುವೆ ತೆಗೆಯುವುದಕ್ಕೂ ಹೊಸ ಮಣ್ಣು ಏರಿಸುವುದಕ್ಕೂ ಸಣ್ಣ ಅಗೆಯುವ ಯಂತ್ರವನ್ನು ಕರೆಸುವುದು ರೂಢಿಯಾಗಿದೆ. ತಯಾರಿಸಿದವರು ಯಾರೇ ಆಗಿರಲಿ, ಜನರ ಬಾಯಲ್ಲಿ ಅದು ‘ಮಿನಿ ಹಿಟಾಚಿ’. ಅಡಿಕೆ ಮರಗಳ ನಡುವೆ ಸಾಮಾನ್ಯವಾಗಿ 2.7 ಮೀಟರ್, ಎಂದರೆ 9 ಅಡಿ ಅಂತರವಿರುತ್ತದೆ. ಮೂರು ಟನ್ನಿನ ಯಂತ್ರವು ಸುಮಾರು ಒಂದೂವರೆ ಮೀಟರ್ ಅಗಲವಿರುವುದರಿಂದ ಆ ಸಾಲಿನಲ್ಲಿ ಸಾಗಬಲ್ಲುದು. ಅದು ಉಕ್ಕಿನ ಸರಪಣಿಯ ಮೇಲಲ್ಲದೆ ರಬ್ಬರ್ ಪಟ್ಟಿಯ ಮೇಲೆ ನಡೆಯುವುದರಿಂದ ನೆಲಕ್ಕೂ ಬೇರಿಗೂ ಆಗುವ ಘಾಸಿ ಕಡಿಮೆ. ಈ ಪಟ್ಟಿಯನ್ನೇ ಚಾಲಕರು ‘ಟ್ರ್ಯಾಕ್’ ಎಂದೂ ‘ಚೈನು’ ಎಂದೂ ಕರೆಯುತ್ತಾರೆ.

ರಬ್ಬರ್ ಪಟ್ಟಿಯ ಮೇಲೆ ವಾಹನ ನಡೆಸುವ ವಿದ್ಯೆ ಹೊಸದಲ್ಲ. ರಷ್ಯಾದ ಚಕ್ರವರ್ತಿ ಎರಡನೆಯ ನಿಕೋಲಸನ ವಾಹನಶಾಲೆಯಲ್ಲಿದ್ದ ಅಡಾಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ತಂತ್ರಜ್ಞನು ಹಿಮದಲ್ಲಿ ಸಾಗುವುದಕ್ಕಾಗಿ ಇಂತಹ ಪಟ್ಟಿಯನ್ನು ರೂಪಿಸಿದನು. 1917ರ ಕ್ರಾಂತಿಯ ಬಳಿಕ ಅವನು ಸ್ವದೇಶಕ್ಕೆ ಮರಳಿದನು. ಅವನ ಪಟ್ಟಿಗಳನ್ನು ತೊಟ್ಟ ಸಿಟ್ರೊಯೆನ್ ವಾಹನಗಳು 1922ರ ಡಿಸೆಂಬರಿನಲ್ಲಿ ಹೊರಟು 1923ರ ಜನವರಿಯಲ್ಲಿ ಸಹಾರಾ ಮರುಭೂಮಿಯನ್ನು ದಾಟಿದವು. ಹಿಮಕ್ಕೆಂದು ಹುಟ್ಟಿದುದು ಮರಳಿಗೆ ಒದಗಿತು. ಇಂದು ಮಲೆನಾಡಿನ ಕೆಸರಿಗೂ ಒದಗಿದೆ.

ಹೊರನೋಟಕ್ಕೆ ಈ ಪಟ್ಟಿ ಬರಿಯ ರಬ್ಬರಿನದೆಂದು ತೋರುತ್ತದೆ. ಒಳಗಿನ ಮಾತು ಬೇರೆ. ರಬ್ಬರಿನ ಗರ್ಭದಲ್ಲಿ ಉಕ್ಕಿನ ತಂತಿಗಳು ಸುತ್ತಲೂ ಹರಿದಿರುತ್ತವೆ. ಅಡ್ಡಲಾಗಿ ಉಕ್ಕಿನ ತುಂಡುಗಳು ಕುಳಿತಿರುತ್ತವೆ. ಎಳೆತವನ್ನು ತಾಳುವುದು ತಂತಿ, ಸ್ಪ್ರಾಕೆಟ್ಟಿನ ಹಲ್ಲಿಗೆ ಹಿಡಿತ ಕೊಡುವುದು ತುಂಡು, ಇವೆರಡನ್ನೂ ಕಾಯುವುದು ರಬ್ಬರ್. ಹೊರಮೈಯ ಉಬ್ಬುಗಳು ಸವೆದರೆ ಯಂತ್ರ ಕೆಸರಿನಲ್ಲಿ ಜಾರುತ್ತದೆ, ಅಷ್ಟೆ. ಆದರೆ ಚೂಪುಗಲ್ಲು ತಾಗಿ ರಬ್ಬರ್ ಸೀಳಿತೆಂದರೆ ಆ ಸೀಳಿನಿಂದ ನೀರು ಒಳಹೊಕ್ಕು ತಂತಿಗೆ ತುಕ್ಕು ಹಿಡಿಯುತ್ತದೆ. ತಂತಿಗಳು ಒಂದೊಂದಾಗಿ ಕಡಿಯುತ್ತವೆ. ಪಟ್ಟಿ ಹೊರಗೆ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ. ಒಳಗೆ ಬಲ ಮುಗಿದಿರುತ್ತದೆ.

ತೀರ್ಥಹಳ್ಳಿ ಸೀಮೆಯ ಚಾಲಕನೊಬ್ಬನಿಗೆ ಇಂತಹ ಸೀಳು ಕಂಡದ್ದು ಮೇ ತಿಂಗಳ ಕೊನೆಯಲ್ಲಿ. ಎಡಗಡೆಯ ಟ್ರ್ಯಾಕಿನಲ್ಲಿ ತುಕ್ಕು ಬಣ್ಣದ ಎಳೆಗಳು ಹೊರಚಾಚಿದ್ದವು. ಯಂತ್ರದ ಮೇಲೆ ಸಾಲವಿತ್ತು. ಎರಡು ಟ್ರ್ಯಾಕುಗಳ ಬೆಲೆ ಎರಡು ತಿಂಗಳ ಕಂತಿಗೆ ಸಮನಾಗಿತ್ತು. ಅಗೆಯಬೇಕಾಗಿದ್ದ ಕಾಲುವೆಯು ಹಳ್ಳದ ದರೆಯ ಅಂಚಿನಲ್ಲಿತ್ತು. “ಇನ್ನೆರಡು ದಿನ ತಾನೆ ಮಾರಾಯ, ಹೇಗಾದರೂ ಮುಗಿಸಿಕೊಡು” ಎಂದರು ತೋಟದ ಯಜಮಾನರು. ಅವರ ಆತಂಕವೂ ಸುಳ್ಳಲ್ಲ. ಮಳೆ ಹಿಡಿಯುವ ಮೊದಲು ಬಸಿಗಾಲುವೆ ತೆರೆಯದಿದ್ದರೆ ನೀರು ನಿಂತು ಅಡಿಕೆಯ ಬೇರು ಕೊಳೆಯುತ್ತದೆ; ವರ್ಷಗಳ ಆರೈಕೆ ಒಂದು ಮಳೆಗಾಲಕ್ಕೆ ಬಲಿಯಾಗುತ್ತದೆ.

ಚಾಲಕನು ದರೆಯನ್ನು ನೋಡಿದನು. ಇಳಿಜಾರಿನಲ್ಲಿ ತಿರುಗುವಾಗ ಪಟ್ಟಿ ಹರಿದರೆ ಯಂತ್ರ ವಾಲುವುದು ಹಳ್ಳದ ಕಡೆಗೆ. ಆ ಪಕ್ಕದಲ್ಲಿಯೇ ಗುದ್ದಲಿ ಹಿಡಿದು ನಡೆಯುತ್ತಿದ್ದವನು ಹತ್ತೊಂಬತ್ತರ ಹರೆಯದ ಸಹಾಯಕ. ಯಂತ್ರವನ್ನು ಮೆಲ್ಲನೆ ಸಮತಟ್ಟಾದ ಗಟ್ಟಿ ನೆಲಕ್ಕೆ ತಂದು ನಿಲ್ಲಿಸಿದನು. “ಟ್ರ್ಯಾಕ್ ಬರುವ ತನಕ ಆಗುವುದಿಲ್ಲ, ಯಜಮಾನರೆ” ಎಂದನು. ಯಜಮಾನರು ಮರುಮಾತಾಡದೆ ಮನೆಯ ಕಡೆ ನಡೆದರು.

ಹೊಸ ಟ್ರ್ಯಾಕು ಶಿವಮೊಗ್ಗದಿಂದ ಬರಲು ನಾಲ್ಕು ದಿನ ಹಿಡಿಯಿತು. ಟ್ರ್ಯಾಕನ್ನು ಕೊಳ್ಳುವಾಗ ಮೂರು ಸಂಖ್ಯೆಗಳು ಹೊಂದಬೇಕು: ಪಟ್ಟಿಯ ಅಗಲ, ತುಂಡಿನಿಂದ ತುಂಡಿಗೆ ಇರುವ ದೂರ, ಒಟ್ಟು ತುಂಡುಗಳ ಎಣಿಕೆ. ಇವು ಸಾಮಾನ್ಯವಾಗಿ ಹಳೆಯ ಪಟ್ಟಿಯ ಮೇಲೆಯೇ ಅಚ್ಚಾಗಿರುತ್ತವೆ. ಎರಡನ್ನೂ ಒಟ್ಟಿಗೆ ಬದಲಿಸುವುದು ಲೇಸು. ಒಂದು ಹೊಸದು, ಇನ್ನೊಂದು ಸವೆದದ್ದು ಆದರೆ ಯಂತ್ರದ ನಡಿಗೆ ಒಂದು ಬದಿಗೆ ಎಳೆಯುತ್ತದೆ.

ಬದಲಿಸುವ ಕ್ರಮ ಹೀಗೆ. ಬ್ಲೇಡನ್ನೂ ಬಕೆಟ್ಟನ್ನೂ ನೆಲಕ್ಕೆ ಒತ್ತಿ ಯಂತ್ರವನ್ನು ಮೇಲೆತ್ತಬೇಕು; ಎತ್ತಿದೊಡನೆ ಅಡಿಗೆ ಗಟ್ಟಿ ಮರದ ದಿಮ್ಮಿಗಳನ್ನು ಕೊಡಬೇಕು. ಎಣ್ಣೆಯ ಒತ್ತಡವನ್ನೇ ನಂಬಿ ಯಂತ್ರದ ಅಡಿಗೆ ಹೋಗಬಾರದು. ಮುಂದಿನ ಐಡ್ಲರ್ ಚಕ್ರವನ್ನು ತಳ್ಳಿ ಪಟ್ಟಿಯನ್ನು ಬಿಗಿಯಾಗಿಡುವುದು ಒಂದು ಸಿಲಿಂಡರಿನಲ್ಲಿ ತುಂಬಿರುವ ಗ್ರೀಸು. ಬದಿಯ ಕಿಂಡಿಯಲ್ಲಿರುವ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದರೆ ಗ್ರೀಸು ಹೊರಬಂದು ಪಟ್ಟಿ ಸಡಿಲಾಗುತ್ತದೆ. ಸಹಾಯಕನು ನೋಡುವ ಕುತೂಹಲದಿಂದ ಆ ಕಿಂಡಿಯ ಎದುರಿಗೇ ಕುಳಿತನು. “ಎದುರಿಗೆ ಕೂರಬೇಡ ತಮ್ಮ, ಪಕ್ಕಕ್ಕೆ ಬಾ” ಎಂದು ಚಾಲಕನು ಅವನನ್ನು ಸರಿಸಿದನು. ಆ ಗ್ರೀಸಿನ ಒತ್ತಡವು ಅಪಾರ; ಚಿಮ್ಮಿದರೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಸಂಭವವುಂಟು.

ಬಳಿಕ ಐಡ್ಲರನ್ನು ಹಿಂದಕ್ಕೆ ಸರಿಸಿ, ಹಾರೆಯಿಂದ ಮೀಟಿ ಹಳೆಯ ಪಟ್ಟಿಯನ್ನು ಹೊರತೆಗೆದರು. ನೂರು ಕಿಲೋ ಮೀರಿದ ಭಾರ. ಸೀಳಿದ ಕಡೆ ಚಾಕುವಿನಿಂದ ಬಿಡಿಸಿ ನೋಡಿದಾಗ ಕಡಿಯದೆ ಉಳಿದಿದ್ದ ತಂತಿಗಳು ಬೆರಳೆಣಿಕೆಯಷ್ಟು. ಅಲ್ಲಿಗೆ ಬಂದಿದ್ದ ಯಜಮಾನರು ಬಾಗಿ ಅದನ್ನು ನೋಡಿದರು, ಸಹಾಯಕನ ಮುಖವನ್ನೂ ನೋಡಿದರು, ಏನನ್ನೂ ಆಡಲಿಲ್ಲ.

ಹೊಸ ಪಟ್ಟಿಯನ್ನು ತೊಡಿಸುವ ಮುನ್ನ ಸ್ಪ್ರಾಕೆಟ್ಟಿನ ಹಲ್ಲು, ರೋಲರ್, ಐಡ್ಲರ್ ಇವುಗಳನ್ನು ಪರೀಕ್ಷಿಸಬೇಕು. ಸವೆದು ಚೂಪಾದ ಹಲ್ಲು ಹೊಸ ಪಟ್ಟಿಯನ್ನೂ ಬೇಗ ಕೆಡಿಸುತ್ತದೆ. ಪಟ್ಟಿಯನ್ನು ಮೊದಲು ಸ್ಪ್ರಾಕೆಟ್ಟಿಗೆ ಕೂಡಿಸಿ, ಮೆಲ್ಲನೆ ತಿರುಗಿಸುತ್ತ ಐಡ್ಲರಿನ ಮೇಲೆ ಏರಿಸಿ, ವಾಲ್ವನ್ನು ಮುಚ್ಚಿ, ಗ್ರೀಸ್ ಗನ್ನಿನಿಂದ ಬಿಗಿಮಾಡಬೇಕು. ಎಷ್ಟು ಬಿಗಿ? ಇಲ್ಲಿಯೇ ಅರಿವು ಬೇಕಾದುದು. ಅತಿ ಬಿಗಿಯಾದರೆ ತಂತಿ ಸೊರಗುತ್ತದೆ, ರೋಲರ್ ಸವೆಯುತ್ತದೆ. ಅತಿ ಸಡಿಲವಾದರೆ ತಿರುವಿನಲ್ಲಿ ಪಟ್ಟಿ ಕಳಚುತ್ತದೆ. ಯಂತ್ರವನ್ನು ಮೇಲೆತ್ತಿದಾಗ ನಡುವಣ ರೋಲರಿಗೂ ಪಟ್ಟಿಗೂ ನಡುವೆ ಅನೇಕ ಸಣ್ಣ ಯಂತ್ರಗಳಲ್ಲಿ 10ರಿಂದ 20 ಮಿಲಿಮೀಟರ್ ಜೋಲು ಇರಬೇಕು. ಆಯಾ ಯಂತ್ರದ ಕೈಪಿಡಿಯ ಅಳತೆಯೇ ಅಂತಿಮ. ಹೊಸ ಪಟ್ಟಿ ಮೊದಲ ಕೆಲವು ಗಂಟೆಗಳಲ್ಲಿ ಸ್ವಲ್ಪ ಹಿಗ್ಗುವುದರಿಂದ ಮತ್ತೊಮ್ಮೆ ನೋಡಬೇಕು.

ಕೆಲಸ ಮುಗಿಯುವ ಮುನ್ನವೇ ಮಳೆ ಬಂದಿತು. ಕಾಲುವೆಯ ಕೆಳಗಿನ ಭಾಗ ಯಂತ್ರ ಇಳಿಯಲಾಗದಷ್ಟು ಕೆಸರಾಯಿತು. ಉಳಿದುದನ್ನು ಆಳುಗಳು ಗುದ್ದಲಿಯಿಂದ ತೆಗೆದರು. ಚಾಲಕನೂ ಸಹಾಯಕನೂ ಅವರೊಡನೆ ಎರಡು ದಿನ ನೆನೆಯುತ್ತ ಅಗೆದರು. ಆ ಎರಡು ದಿನಗಳಿಗೆ ಚಾಲಕನು ಕೂಲಿ ಕೇಳಲಿಲ್ಲ. ಆ ತಿಂಗಳ ಕಂತು ತಡವಾಯಿತು. ಎಚ್ಚರಕ್ಕೂ ಒಂದು ಬೆಲೆಯುಂಟು. ಅದನ್ನು ತೆತ್ತವನಿಗೆ ಹೊಗಳಿಕೆ ಸಿಕ್ಕುವುದು ಅಪರೂಪ. ಏಕೆಂದರೆ ಆಗದೆ ಹೋದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದರ ತಾತ್ಪರ್ಯವಿಷ್ಟು. ಕಾಯಕದಲ್ಲಿ ನಿಷ್ಠೆಯೆಂದರೆ ನಿಲ್ಲದೆ ದುಡಿಯುವುದಷ್ಟೇ ಅಲ್ಲ, ನಿಲ್ಲಬೇಕಾದಲ್ಲಿ ನಿಲ್ಲುವುದೂ ನಿಷ್ಠೆಯೇ. ‘ಇನ್ನೆರಡು ದಿನ’ ಎಂಬ ಮಾತು ಲೋಭದಿಂದ ಮಾತ್ರ ಹುಟ್ಟುವುದಿಲ್ಲ. ಕಷ್ಟದಿಂದಲೂ, ಒಳ್ಳೆಯ ಉದ್ದೇಶದಿಂದಲೂ ಹುಟ್ಟುತ್ತದೆ. ಆದುದರಿಂದಲೇ ಅದನ್ನು ಮೀರುವುದು ಕಠಿಣ. ತನ್ನ ಸಾಲವನ್ನು ತಾನು ಹೊರಬಹುದು. ತನ್ನ ಸಾಲದ ಅಪಾಯವನ್ನು ಪಕ್ಕದಲ್ಲಿ ನಡೆಯುವವನ ತಲೆಯ ಮೇಲೆ ಹೊರಿಸಲು ಯಾರಿಗೂ ಹಕ್ಕಿಲ್ಲ. ಸೀಳಿನಲ್ಲಿ ತೋರುವ ಒಂದು ತುಕ್ಕಿನ ಎಳೆಯನ್ನು ಕಂಡಾಗಲೇ ಕೈ ತಡೆಯುವವನು ತನ್ನ ಕೆಲಸವನ್ನು ನಿಜವಾಗಿ ಬಲ್ಲವನು.