ತೆಪ್ಪದ ಬಾಡಿಗೆ

ಮೊನ್ನೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ನಾವು ಮೊಬೈಲಿನಲ್ಲಿ ಮೆಡಿಟರೇನಿಯನ್ ಸಮುದ್ರದ ಐಷಾರಾಮಿ ಯಾಟ್‌ಗಳ ವಿಡಿಯೊ ನೋಡಿದೆವು. ಬಾಡಿಗೆ ವಾರದ ಲೆಕ್ಕದಲ್ಲಿ. ಡೀಸೆಲ್, ಊಟ, ಬಂದರಿನ ಶುಲ್ಕಕ್ಕೆ ಸಾಮಾನ್ಯವಾಗಿ ಬಾಡಿಗೆಯ ಶೇ 25ರಿಂದ 35ರಷ್ಟು ಮುಂಗಡ ಬೇರೆ ಕಟ್ಟಬೇಕು. ಸಿಬ್ಬಂದಿಗೆ ಕೊಡುವ ಭಕ್ಷೀಸು ಇದರಲ್ಲಿ ಸೇರಿಲ್ಲ.

ನಮಗೆ ನೆನಪಾದದ್ದು ಹೊಗೆನಕಲ್.

ಕಾಲೇಜು ಮುಗಿದ ವರ್ಷ ನಾವು ನಾಲ್ವರು ಚಾಮರಾಜನಗರದಿಂದ ಮಾದಪ್ಪನ ಬೆಟ್ಟಕ್ಕೆ ಹೋಗಿ, ಗೋಪಿನಾಥಂ ದಾಟಿ ಕಾವೇರಿ ದಡಕ್ಕೆ ಇಳಿದಿದ್ದೆವು. ತೆಪ್ಪದ ಅಣ್ಣ ಹೇಳಿದ ರೇಟಿಗೆ ಚೌಕಾಸಿಗೆ ಇಳಿದೆವು.

‘ಮೊದ್ಲು ಜಾಕೆಟ್ ಹಾಕ್ಕಳಿ, ಆಮೇಲೆ ರೇಟು ಮಾತಾಡಮ’ ಅಂದರು.

ಕೊನೆಗೆ ರೇಟು ಇಳಿಸಿಕೊಂಡರು. ತೆಪ್ಪ ಹತ್ತಿದ ಮೇಲೆ ಸೆಕೆ ಅಂತ ನಮ್ಮಲ್ಲೊಬ್ಬ ಜಾಕೆಟ್ ಬಿಚ್ಚಿದ. ಅಣ್ಣ ಹುಟ್ಟು ಕೆಳಗಿಟ್ಟು ಕೂತರು. ಅವನು ಮತ್ತೆ ಹಾಕಿಕೊಂಡ ಮೇಲೆಯೇ ಹೊರಟರು.

ಬಿದಿರಿನ ತೆಪ್ಪ, ಒಂದೇ ಹುಟ್ಟು. ಬಂಡೆಗಳ ನಡುವೆ ಐದು ಜೀವಗಳನ್ನು ಒಂದೇ ತೋಳಿನ ಬಲದಲ್ಲಿ ಸಾಗಿಸಿದರು. ಕಬಿನಿ, ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ತೆಪ್ಪ ಬಂದ್. ಆಗ ದಿನಗಟ್ಟಲೆ ಸಂಪಾದನೆ ಇಲ್ಲ ಎಂದರು.

ಚೌಕಾಸಿಯಲ್ಲಿ ನಾವು ಉಳಿಸಿದ್ದು ನಾಲ್ಕು ಜನರ ಟೀ ಬೋಂಡಾದ ದುಡ್ಡು. ನಮಗೇ ನಾಚಿಕೆಯಾಯಿತು. ದಡ ಸೇರಿದ ಮೇಲೆ ಅವರು ಮೊದಲು ಕೇಳಿದ್ದಷ್ಟನ್ನೇ ಕೊಟ್ಟೆವು. ಅವರು ಎಣಿಸದೆ ಜೇಬಿಗಿಟ್ಟುಕೊಂಡರು.

ನೀವೂ ಹೋದರೆ ಜಾಕೆಟ್ ಬಿಚ್ಚಬೇಡಿ. ನೀರು ಹೆಚ್ಚಿದೆ, ಬೇಡ ಅಂದರೆ ಒತ್ತಾಯ ಮಾಡಬೇಡಿ. ಆ ‘ಬೇಡ’ ಅನ್ನುವ ಮಾತೂ ಬಾಡಿಗೆಯಲ್ಲೇ ಸೇರಿದೆ.