ಮಾವು ಹಣ್ಣಾಗುವ ಊರು

ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಬಸ್ಸು ಹೊರಟ ಸ್ವಲ್ಪ ಹೊತ್ತಿಗೇ ರಸ್ತೆಯ ಎರಡೂ ಬದಿ ಮಾವಿನ ತೋಪುಗಳು ಶುರುವಾಗುತ್ತವೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಸೀಮೆ ಇದು. ಕೆಂಪು ನೆಲ, ಅಲ್ಲಲ್ಲಿ ಬಂಡೆಗುಡ್ಡ, ತುಂಬಿದರೆ ತುಂಬಿತು ಎನ್ನುವಂಥ ಕೆರೆಗಳು. ಇಂಥ ನೆಲದಲ್ಲಿ ಆಳಕ್ಕೆ ಬೇರಿಳಿಸಿ ನಿಲ್ಲಬಲ್ಲ ಮಾವು ರೈತನ ಕೈಹಿಡಿದಿದೆ. ರಾಜ್ಯದಲ್ಲಿ ಮಾವಿಗೆ ಕೋಲಾರ ಜಿಲ್ಲೆ ಹೆಸರಾದರೆ, ಜಿಲ್ಲೆಯೊಳಗೆ ಶ್ರೀನಿವಾಸಪುರ ಹೆಸರು. ಮೇ ತಿಂಗಳ ನಡುವಿನಿಂದ ಜುಲೈವರೆಗೆ ಊರಿಗೆ ಊರೇ ಮಾವಿನ ವಾಸನೆ. ಹಣ್ಣಿನ ವಾಸನೆಯಲ್ಲ, ಸೊನೆಯ ವಾಸನೆ. ಏಕೆಂದರೆ ಇಲ್ಲಿಂದ ಹೋಗುವುದು ಬಹುಪಾಲು ಕಾಯಿ. ಹಣ್ಣಾಗುವುದು ದಾರಿಯಲ್ಲಿ, ಇಲ್ಲವೆ ಬೇರೆಯವರ ಊರಿನಲ್ಲಿ.

ಮಾರುಕಟ್ಟೆಯ ಪ್ರಾಂಗಣಕ್ಕೆ ಬೆಳಿಗ್ಗೆಯೇ ಹೋಗಬೇಕು. ಟ್ರ್ಯಾಕ್ಟರು, ಟೆಂಪೋಗಳಿಂದ ಇಳಿದ ಕಾಯಿ ಮಂಡಿಗಳ ಮುಂದೆ ರಾಶಿ ಬಿದ್ದಿರುತ್ತದೆ. ಹರಾಜಿನ ಕೂಗು ಅರ್ಧ ತೆಲುಗು, ಅರ್ಧ ಕನ್ನಡ. ಹೆಂಗಸರು ಸಾಲಾಗಿ ಕುಳಿತು ದಪ್ಪದ್ದು, ನಡುವಿನದು, ಸಣ್ಣದು ಎಂದು ಬೇರ್ಪಡಿಸುತ್ತಾರೆ. ಬಾದಾಮಿ, ಬೇನಿಷಾ, ಮಲ್ಲಿಕಾ ಕ್ರೇಟುಗಳಿಗೆ ಹೋಗುತ್ತವೆ. ರಸಪುರಿಯನ್ನು ಮಗುವಿನಂತೆ ಎತ್ತಿಡಬೇಕು, ಅದರ ಸಿಪ್ಪೆ ತೆಳು. ಗಿಣಿಮೂತಿಯ ತೋತಾಪುರಿ ಮಾತ್ರ ಲಾರಿಯಲ್ಲಿ ಹಾಗೇ ಸುರಿಸಿಕೊಂಡು ಹೋಗುತ್ತದೆ. ಅದರ ಗತಿ ಕಾರ್ಖಾನೆ.

ನನ್ನ ಜೊತೆ ಒಂಬತ್ತನೆಯ ತರಗತಿಯ ನಾಲ್ವರು ಹುಡುಗರಿದ್ದರು. ಅಲ್ಲಿ ಕೂತಿದ್ದ ಹಿರಿಯ ಬೆಳೆಗಾರರೊಬ್ಬರನ್ನು ಒಬ್ಬ ಹುಡುಗ ಕೇಳಿದ: “ತಾತ, ಇದು ಬಲಿತಿದೆ ಅಂತ ಹೆಂಗೆ ಗೊತ್ತಾಗುತ್ತೆ?” ಅವರು ಒಂದು ಬಾದಾಮಿ ಕಾಯಿ ಎತ್ತಿ ತೊಟ್ಟಿನ ಹತ್ತಿರ ಬೆರಳಿಟ್ಟರು. “ಇಲ್ಲಿ ನೋಡಪ್ಪ, ಭುಜ. ಭುಜ ತೊಟ್ಟಿಗಿಂತ ಮೇಲೆದ್ದು ತುಂಬ್ಕೊಂಡೈತಲ್ಲ, ಇದು ಬಲಿತದ್ದು. ಜಾರಿದ ಭುಜ ಇದ್ರೆ ಎಳೇದು. ಇಲ್ಲಾಂದ್ರೆ ನೀರಿಗೆ ಹಾಕು, ಬಲಿತದ್ದು ಮುಳುಗುತ್ತೆ.”

ಪಠ್ಯಪುಸ್ತಕದಲ್ಲಿ ಸಾಂದ್ರತೆಯ ಪಾಠ ಮಾಡಿ ಮಾಡಿ ಸುಸ್ತಾದವನು ನಾನು. ತಾತ ಒಂದೇ ಮಾತಿನಲ್ಲಿ ಮುಗಿಸಿದರು. ಕಾಯಿ ಬಲಿಯುತ್ತ ಬಂದಂತೆ ಅದರೊಳಗೆ ಪಿಷ್ಟ ತುಂಬುತ್ತದೆ, ಸಾಂದ್ರತೆ ನೀರಿಗಿಂತ ಹೆಚ್ಚಾಗುತ್ತದೆ. ಆ ಪಿಷ್ಟವೇ ಮುಂದಿನ ಸಿಹಿಯ ಬಂಡವಾಳ. ಕಿತ್ತ ಮೇಲೆ ಮರದಿಂದ ಏನೂ ಬರುವುದಿಲ್ಲ. ಒಳಗೆ ಕೂಡಿಟ್ಟದ್ದನ್ನೇ ಕಾಯಿ ಹಣ್ಣಾಗಲು ಖರ್ಚು ಮಾಡಬೇಕು. ಎಳೆಗಾಯಿಗೆ ಬಂಡವಾಳವೇ ಇಲ್ಲ. ಅದನ್ನು ಹೇಗೆ ಮಾಗಿಸಿದರೂ ಸಿಪ್ಪೆ ಹಳದಿಯಾದೀತು, ತಿರುಳು ಸಪ್ಪೆ.

ಬಲಿತ ಕಾಯಿಯೊಳಗೆ ನಡೆಯುವ ಕೆಲಸವಾದರೂ ಎಷ್ಟು! ಕಿತ್ತ ಮೇಲೂ ಅದು ಉಸಿರಾಡುತ್ತಿರುತ್ತದೆ. ಮಾಗುವ ಹೊತ್ತಿಗೆ ಈ ಉಸಿರಾಟ ಒಮ್ಮೆಲೇ ಏರುತ್ತದೆ. ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಸಿಟ್ರಿಕ್ ಆಮ್ಲ ಕಡಿಮೆಯಾಗಿ ಹುಳಿ ಇಳಿಯುತ್ತದೆ. ಜೀವಕೋಶಗಳನ್ನು ಅಂಟಿಸಿ ಹಿಡಿದ ಪೆಕ್ಟಿನ್ ಸಡಿಲವಾಗಿ ಗಟ್ಟಿ ತಿರುಳು ಮೆತ್ತಗಾಗುತ್ತದೆ. ಸಿಪ್ಪೆಯ ಪತ್ರಹರಿತ್ತು ಅಳಿಯುತ್ತದೆ, ತಿರುಳಿನಲ್ಲಿ ಬೀಟಾ ಕೆರೋಟಿನ್ ಹೆಚ್ಚುತ್ತದೆ. ನಮ್ಮ ದೇಹ ಈ ಕೆರೋಟಿನನ್ನು ಎ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ. ಕಣ್ಣಿಗೆ ಬೇಕಾದದ್ದು ಅದೇ. ಆದರೆ ಸಿ ಜೀವಸತ್ವದ ಲೆಕ್ಕ ತಿರುಗಾಮುರುಗಾ. ಅದು ಹೆಚ್ಚಿರುವುದು ಹುಳಿ ಕಾಯಿಯಲ್ಲಿ, ಹಣ್ಣಾಗುತ್ತ ಇಳಿಯುತ್ತದೆ. ಉಪ್ಪು, ಖಾರ ಹಚ್ಚಿ ಕಾಯಿ ಕಚ್ಚುವ ಮಕ್ಕಳನ್ನು ಗದರುವ ತಾಯಂದಿರು ಇದನ್ನು ಗಮನಿಸಬೇಕು. ಕಾಯಿಯ ಒಗರಿಗೆ ಕಾರಣವಾದ ಫೀನಾಲ್ ಜಾತಿಯ ವಸ್ತುಗಳೂ ತಿರುಳಿಗಿಂತ ಸಿಪ್ಪೆಯಲ್ಲೇ ಹೆಚ್ಚು. ಮಾವಿನದೇ ಹೆಸರು ಹೊತ್ತ ಮ್ಯಾಂಜಿಫೆರಿನ್ ಅವುಗಳಲ್ಲಿ ಒಂದು.

ಇಷ್ಟಕ್ಕೂ ಅಪ್ಪಣೆ ಕೊಡುವುದು ಎಥಿಲೀನ್ ಎಂಬ ಪುಟ್ಟ ಅಣು, ಎರಡು ಇಂಗಾಲ, ನಾಲ್ಕು ಜಲಜನಕ. 1901ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನ ನೆಲ್ಯುಬೋವ್ ಎಂಬಾತ, ದೀಪದ ಅನಿಲ ಸೋರಿದ ಕೋಣೆಯಲ್ಲಿ ಬಟಾಣಿ ಸಸಿಗಳು ಸೊಟ್ಟಗೆ ಬೆಳೆಯಲು ಎಥಿಲೀನೇ ಕಾರಣವೆಂದು ತೋರಿಸಿದ. 1934ರಲ್ಲಿ ಇಂಗ್ಲೆಂಡಿನ ಗೇನ್, ಸೇಬಿನ ಹಣ್ಣು ತಾನೇ ಈ ಅನಿಲವನ್ನು ಬಿಡುತ್ತದೆ ಎಂಬುದಕ್ಕೆ ಸಾಕ್ಷ್ಯ ಒದಗಿಸಿದ. ನಮ್ಮ ಅಜ್ಜಿಯರಿಗೆ ಅಣುವಿನ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಭತ್ತದ ಹುಲ್ಲಿನಲ್ಲಿ ಅಡೆ ಹಾಕಿದಾಗ ಒಂದು ಹಣ್ಣಾದರೆ ಅದರ ಎಥಿಲೀನ್ ಹೊರಗೆ ಚದುರದೆ ಉಳಿದವನ್ನೂ ಹಣ್ಣು ಮಾಡುತ್ತದೆ. ದ್ರಾಕ್ಷಿ, ಕಿತ್ತಳೆ, ದಾಳಿಂಬೆಗೆ ಈ ಉಪಾಯ ನಡೆಯದು. ಅವು ಗಿಡದಲ್ಲೇ ಮಾಗಬೇಕು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ, ಕಾರ್ಬೈಡ್. ವೆಲ್ಡಿಂಗ್ ಅಂಗಡಿಯ ಈ ಕಲ್ಲಿಗೆ ತೇವ ತಗುಲಿದರೆ ಅಸಿಟಿಲೀನ್ ಅನಿಲ ಹೊರಡುತ್ತದೆ. ಅದು ಎಥಿಲೀನಿನ ಮೋಸದ ತಮ್ಮ, ದುರ್ಬಲವಾಗಿ ಅದೇ ಕೆಲಸ ಮಾಡುತ್ತದೆ. ಸಿಪ್ಪೆ ಬೇಗ ಹಳದಿಯಾಗುತ್ತದೆ, ಒಳಗೆ ಹುಳಿ ಹುಳಿಯಾಗಿಯೇ ಇರುತ್ತದೆ. ಕೈಗಾರಿಕೆಯ ಕಾರ್ಬೈಡಿನಲ್ಲಿ ಆರ್ಸೆನಿಕ್ ಮತ್ತು ರಂಜಕದ ಸೋಂಕು ಇರುವುದು ಇನ್ನೂ ದೊಡ್ಡ ಗಂಡಾಂತರ. ಮೊದಲು ತಗಲುವುದು ಅದನ್ನು ಪೊಟ್ಟಣ ಕಟ್ಟಿ ಕ್ರೇಟಿನಲ್ಲಿಡುವ ಕೂಲಿಯವರಿಗೆ. 2011ರ ಆಹಾರ ಸುರಕ್ಷತಾ ನಿಯಮಗಳು ಇದನ್ನು ನಿಷೇಧಿಸಿವೆ. ಎಥಿಲೀನ್ ಅನಿಲಕ್ಕೆ ಮಾತ್ರ ದಶಲಕ್ಷಕ್ಕೆ 100 ಭಾಗದವರೆಗೆ 2016ರಿಂದ ಒಪ್ಪಿಗೆಯಿದೆ. ಉಷ್ಣತೆ, ತೇವ ಹದವಾಗಿಟ್ಟ ಮಾಗಿಸುವ ಕೋಣೆಗಳಲ್ಲಿ ಬಲಿತ ಕಾಯಿಗೆ ಇದನ್ನು ಕೊಟ್ಟರೆ ತಪ್ಪೇನಿಲ್ಲ. ಹಣ್ಣು ತಾನೇ ಮಾಡಿಕೊಳ್ಳುವ ಅನಿಲ ಅದು.

ಆದರೆ ಕಾರ್ಬೈಡಿನ ಮೂಲ ರಸಾಯನಶಾಸ್ತ್ರದಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ ಎಂದು ಮಂಡಿಯಲ್ಲಿ ನಿಂತಾಗ ಅನಿಸುತ್ತದೆ. ಯುಗಾದಿ ಕಳೆಯುತ್ತಲೇ ಪೇಟೆಯವರಿಗೆ ಹಣ್ಣು ಬೇಕು. ಶ್ರೀನಿವಾಸಪುರದ ಬಾದಾಮಿ ಬಲಿಯಲು ಮೇ ಬರಬೇಕು. ಮೊದಲು ತಂದವನಿಗೆ ಹೆಚ್ಚು ಬೆಲೆ. ಎಷ್ಟೋ ತೋಪುಗಳ ಫಸಲು ಹೂವಿರುವಾಗಲೇ ಗುತ್ತಿಗೆದಾರನ ಕೈಸೇರಿರುತ್ತದೆ. ಆಲಿಕಲ್ಲು, ಗಾಳಿಯ ಭಯ ಅವನಿಗೂ ಇದೆ. ಹೀಗೆ ಎಳೆಗಾಯಿ ಮರ ಇಳಿಯುತ್ತದೆ. ಏಪ್ರಿಲಿನಲ್ಲಿ ಒಂದೇ ಸಮ ಹಳದಿ ಬಳಿದಂತಿರುವ ಬಾದಾಮಿಗೆ ದುಬಾರಿ ಬೆಲೆ ಕೊಡುವ ನಾವೂ ಈ ಸರಪಳಿಯ ಒಂದು ಕೊಂಡಿ.

ಮನೆಗೆ ತಂದ ಮೇಲೆ? ಕಾಯಿಯನ್ನು ಫ್ರಿಜ್ಜಿಗೆ ತಳ್ಳುವ ಅಭ್ಯಾಸ ಅನೇಕರದು. ಮಾವು ಬಿಸಿಲ ನಾಡಿನ ಹಣ್ಣು. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗೆ ಬಹಳ ದಿನ ಇಟ್ಟರೆ ಕಾಯಿಗೆ ಚಳಿ ಹೊಡೆಯುತ್ತದೆ: ಸಿಪ್ಪೆ ಬೂದುಗಟ್ಟುತ್ತದೆ, ಚುಕ್ಕೆ ಬೀಳುತ್ತದೆ, ಆಮೇಲೆ ಹೊರಗಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ, ಘಮ ಬರುವುದಿಲ್ಲ. ಮನೆಯ ಫ್ರಿಜ್ಜು ನಾಲ್ಕೈದು ಡಿಗ್ರಿಯದು. ಪೂರ್ತಿ ಮಾಗಿದ್ದನ್ನು ಎರಡು ಮೂರು ದಿನ ಇಡಬಹುದು, ಕಾಯಿಯನ್ನಲ್ಲ.

ತೋತಾಪುರಿಯ ಕಥೆ ಬೇರೆ. ಇಲ್ಲಿಂದ ಪೂರ್ವಕ್ಕೆ ಗಡಿ ದಾಟಿದರೆ ಆಂಧ್ರದ ಚಿತ್ತೂರು ಜಿಲ್ಲೆ, ದಕ್ಷಿಣಕ್ಕೆ ತಮಿಳುನಾಡಿನ ಕೃಷ್ಣಗಿರಿ. ಮಾವಿನ ತಿರುಳು ತೆಗೆಯುವ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಅಲ್ಲಿ. ಹಣ್ಣು ತೊಳೆದು, ಓಟೆ, ಸಿಪ್ಪೆ ಬೇರ್ಪಡಿಸಿ, ತಿರುಳನ್ನು ಸೋಸಿ ಬಿಸಿ ಮಾಡಿ ಡಬ್ಬಿಗೋ, ಗಾಳಿ ಸೋಕದ ಚೀಲಕ್ಕೋ ತುಂಬುತ್ತಾರೆ. ಹಾಗೆ ಸಿದ್ಧವಾದದ್ದು ತಿಂಗಳುಗಟ್ಟಲೆ ಕೆಡುವುದಿಲ್ಲ. ಕೆರೋಟಿನ್ ಈ ಬಿಸಿಯನ್ನು ಸಾಕಷ್ಟು ತಾಳಿಕೊಳ್ಳುತ್ತದೆ. ಸಿ ಜೀವಸತ್ವ ಬಿಸಿಗೂ ಗಾಳಿಗೂ ಸೋತು ಒಂದು ಪಾಲು ಹೋಗುತ್ತದೆ. ಘಮವೂ ಕುಗ್ಗುತ್ತದೆ. ನಾರು ಸೋಸುವಾಗ, ಫೀನಾಲುಗಳು ಸಿಪ್ಪೆಯೊಡನೆ, ಕಳೆದುಹೋಗುತ್ತವೆ. ಆದರೂ ತಿರುಳು ಒಳ್ಳೆಯ ಪದಾರ್ಥವೇ. ಮಕ್ಕಳ ಕೈಗೆ ಬರುವ ಬಾಟಲಿಯಲ್ಲಿ ಅದು ಎಷ್ಟಿದೆ ಎಂಬುದು ಪ್ರಶ್ನೆ. ಹಣ್ಣಿನ ಪಾನೀಯ ಎನಿಸಿಕೊಳ್ಳಲು ಕಾನೂನು ಕೇಳುವುದು ಕನಿಷ್ಠ ಶೇಕಡ 10ರಷ್ಟು ಹಣ್ಣಿನ ರಸ. ಉಳಿದದ್ದು ಹೆಚ್ಚಾಗಿ ನೀರು ಮತ್ತು ಸಕ್ಕರೆ. ಬಾಟಲಿಯ ಹಿಂದಿನ ಸಣ್ಣಕ್ಷರವನ್ನು ನಿಮ್ಮ ಮಕ್ಕಳಿಂದಲೇ ಓದಿಸಿ, ಗಣಿತದ ಅಭ್ಯಾಸವೂ ಆದೀತು. ಹಳ್ಳಿಗಳಲ್ಲಿ ಚಾಪೆಯ ಮೇಲೆ ಪದರ ಪದರವಾಗಿ ಒಣಗಿಸುವ ಮಾವಿನ ತಾಂಡ್ರದಲ್ಲೂ ಬಿಸಿಲು, ಗಾಳಿ ಕೆರೋಟಿನನ್ನು ತಿನ್ನುತ್ತವೆ. ರುಚಿಯ ಮಾತು ಬೇರೆ, ಅದನ್ನು ನಾನು ಬಿಡಲಾರೆ.

ಕಾರ್ಖಾನೆ ಒಂದು ರಾಜ್ಯದಲ್ಲಿ, ತೋಪು ಇನ್ನೊಂದರಲ್ಲಿ ಇದ್ದರೆ ಏನಾಗುತ್ತದೆಂಬುದು 2025ರ ಜೂನ್‌ನಲ್ಲಿ ತಿಳಿಯಿತು. ಬೆಲೆ ಕುಸಿದಿದ್ದ ಆ ಹಂಗಾಮಿನಲ್ಲಿ ಚಿತ್ತೂರು ಜಿಲ್ಲಾಡಳಿತ ತನ್ನ ರೈತರನ್ನು ಉಳಿಸಿಕೊಳ್ಳಲು ಹೊರರಾಜ್ಯದ ತೋತಾಪುರಿಗೆ ತಡೆಯೊಡ್ಡಿತು. ಶ್ರೀನಿವಾಸಪುರದವರು ಬಂದ್ ಆಚರಿಸಿದರು. ರಾಜ್ಯಗಳ ನಡುವೆ ಪತ್ರ ಓಡಾಡಿತು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ದರ ಗೊತ್ತುಮಾಡಿ, 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಪತ್ರ ತಡವಾಗಿ ತಲುಪಬಹುದು, ಬಲಿತ ಕಾಯಿಯೊಳಗಿನ ಎಥಿಲೀನ್ ತಡೆಯುವುದಿಲ್ಲ. ಲಾರಿ ಗಡಿಯಲ್ಲಿ ನಿಂತರೂ ಹಣ್ಣಿನ ಉಸಿರಾಟ ನಿಲ್ಲದು. ರಾಶಿಯ ನಡುವೆ ಕಾವು ಏರುತ್ತದೆ, ಕಾವು ಏರಿದಷ್ಟೂ ಬೇಗ ಮಾಗುತ್ತದೆ, ಮಾಗಿದ್ದು ಕೊಳೆಯುತ್ತದೆ. ಕಾಯಿಯನ್ನು ಮರದಲ್ಲೇ ಬಿಟ್ಟರೂ ಕೆಲವು ದಿನ ಅಷ್ಟೇ. ತೋಪಿನ ಹತ್ತಿರವೇ ತಿರುಳಿನ ಕಾರ್ಖಾನೆ ಬೇಕೆಂದು ಇಲ್ಲಿನ ರೈತರು ಕೇಳುವುದು ಇದಕ್ಕೇ.

ಬೆಂಗಳೂರಿನಿಂದ ಕೋಲಾರ ಸುಮಾರು 70 ಕಿಲೋಮೀಟರ್, ಅಲ್ಲಿಂದ ಶ್ರೀನಿವಾಸಪುರ 25ರ ಆಸುಪಾಸು. ಬಂಗಾರಪೇಟೆ–ಚಿಕ್ಕಬಳ್ಳಾಪುರ ರೈಲು ಹಾದಿಯಲ್ಲೂ ಊರು ಸಿಗುತ್ತದೆ. ಜೂನ್ ಮೊದಲ ವಾರ ಹೋದರೆ ಒಳ್ಳೆಯದು. ಹಣ್ಣನ್ನಲ್ಲ, ಭುಜ ತುಂಬಿದ ಕಾಯಿಯನ್ನೇ ಕೇಳಿ ತನ್ನಿ. ನಮ್ಮ ಹುಡುಗರು ತಂದ ಹನ್ನೆರಡು ಬಾದಾಮಿಯಲ್ಲಿ ಹತ್ತು ಬಕೆಟ್ಟಿನ ನೀರಿನಲ್ಲಿ ಮುಳುಗಿದವು, ಎರಡು ತೇಲಿದವು. ಮುಳುಗಿದ್ದರಲ್ಲಿ ಐದನ್ನು ಮಾಗಿದ ಬಾಳೆಹಣ್ಣೊಂದರ ಜೊತೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟರು, ಐದನ್ನು ಬಾಳೆಹಣ್ಣಿಲ್ಲದೆ ಇನ್ನೊಂದರಲ್ಲಿ. ಬಾಳೆಹಣ್ಣಿನ ಪೆಟ್ಟಿಗೆಯವು ಮೊದಲು ಹಣ್ಣಾದವು. ತೇಲಿದ ಎರಡರಲ್ಲಿ ಚಟ್ನಿ ಮಾಡಿದೆವು.